ಗಾಂಜಾ ಕಾಯಿದೆ ಬರೆದವರು ಯಾರು?

(ಕಳೆದ ಭಾನುವಾರ ಸಂಜೆ ಕಾರ್ಮಿಕ ಸಂಘದ ಕಚೇರಿಯಲ್ಲಿ ನಡೆದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಹೋದ ಸಲದ ಕೂಟದಲ್ಲಿ ಬೋನಸ್ಸಿನ ಲೆಕ್ಕ ಹೇಳಿ ಮುಗಿಸಿ, ಪ್ರಶ್ನೆಗಳಿದ್ದರೆ ಕೇಳಬಹುದು ಎಂದೆವು. ಹಿಂದಿನ ಬೆಂಚಿನಿಂದ ಸ್ಪಿನ್ನಿಂಗ್ ಖಾತೆಯ ಮಿತ್ರರೊಬ್ಬರು ಎದ್ದು ಬೋನಸ್ಸಿಗೆ ಸಂಬಂಧವೇ ಇಲ್ಲದ ಪ್ರಶ್ನೆ ಹಾಕಿದರು. "ಮೇಷ್ಟ್ರೆ, ಅಮೆರಿಕದಾಗೆ ಗಾಂಜಾನ ಅಂಗಡೀಲಿ ಮಾರ್ತಾರಂತೆ. ಬಿಲ್ಲು ಕೊಡ್ತಾರಂತೆ, ಸರ್ಕಾರ ತೆರಿಗೆ ತಗೊಳ್ತದಂತೆ. ಹಂಗಾದ್ರೆ ನಮ್ಮ ಓಣಿ ಹುಡುಗನ್ನ ಯಾಕೆ ಒಳಗೆ ಹಾಕಿದ್ರು?" ಸಭೆಯೆಲ್ಲ ನಕ್ಕಿತು. ನಮಗೆ ನಗು ಬರಲಿಲ್ಲ. ಆ ಹುಡುಗ ನಾಲ್ಕನೆಯ ತರಗತಿಯಲ್ಲಿ ನಮ್ಮ ಕೈಕೆಳಗೆ ಓದಿದವನು. ಬಾಯಿಲೆಕ್ಕದಲ್ಲಿ ಚುರುಕು. ಬದಲಿ ಕೆಲಸಗಾರನಾಗಿ ಮಿಲ್ಲಿಗೆ ಹೋಗುತ್ತಿದ್ದ. ಜೇಬಿನಲ್ಲಿ ಒಂದು ಪೊಟ್ಟಣ ಸಿಕ್ಕಿತು. ಜಾಮೀನು ಸಿಗುವ ಹೊತ್ತಿಗೆ ಬದಲಿ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ಆ ಪ್ರಶ್ನೆಗೆ ಅಂದು ಸರಿಯಾದ ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ. ಓದಿಕೊಂಡು ಬರುತ್ತೇವೆ ಎಂದು ಹೇಳಿದ್ದೆವು. ಓದಿಕೊಂಡು ಬಂದಿದ್ದೇವೆ.

ಮೊದಲಿಗೆ ಒಂದು ಮಾತು, ಯಾರೂ ತಪ್ಪು ತಿಳಿಯಬಾರದು. ಗಾಂಜಾ ಸೇದಿ ಎಂದು ಹೇಳಲು ನಾವಿಲ್ಲಿ ನಿಂತಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನು ಮೈ ನೋವು ಮರೆಯಲು ಚಿಲುಮೆ ಹಿಡಿಯುವುದನ್ನೂ, ಅವನ ಹೆಂಡತಿ ರೇಷನ್ ಅಂಗಡಿ ಮುಂದೆ ನಿಂತು ಅಳುವುದನ್ನೂ ನಾವು ಕಂಡಿದ್ದೇವೆ. ಮಠದ ಜಗುಲಿಯಲ್ಲಿ ಭಂಗಿ ಸೇದುತ್ತ ಕೂತ ಸಾಧುವಿನ ಕಾಲಿಗೆ ಬೀಳುವ ಊರೇ ಕೂಲಿಯವನ ಕೈಯಲ್ಲಿ ಅದನ್ನು ಕಂಡರೆ ಪೋಲೀಸರಿಗೆ ಹೇಳುವುದನ್ನೂ ಕಂಡಿದ್ದೇವೆ. ಗಾಂಜಾ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ವೈದ್ಯರಿಗೆ ಬಿಡೋಣ. ಅದರ ಹೆಸರಿನಲ್ಲಿ ಜೈಲಿಗೆ ಹೋದವರು ಯಾರು, ಅದು ಕಾಯಿದೆಬದ್ಧವಾದ ಮೇಲೆ ದುಡ್ಡು ಮಾಡಿದವರು ಯಾರು, ಈ ಎರಡರ ನಡುವೆ ಶಾಸನಸಭೆ ಏನು ಮಾಡಿತು, ಇಷ್ಟೇ ಇವತ್ತಿನ ವಿಷಯ.

ಅಮೆರಿಕ ಎಂದರೆ 50 ರಾಜ್ಯಗಳ ಒಕ್ಕೂಟ. ಪ್ರತಿ ರಾಜ್ಯಕ್ಕೂ ತನ್ನದೇ ದಂಡನೆಯ ಕಾಯಿದೆ ಉಂಟು. ಅಲ್ಲಿನ ಗವರ್ನರನ್ನು ನಮ್ಮ ರಾಜ್ಯಪಾಲರ ಹಾಗೆ ದಿಲ್ಲಿಯಿಂದ ಕಳಿಸುವುದಿಲ್ಲ. ಜನರೇ ಆರಿಸುತ್ತಾರೆ. ಅವನೇ ನಮ್ಮ ಮುಖ್ಯಮಂತ್ರಿಯ ಜಾಗದಲ್ಲಿರುವವನು. ಶಾಸನಸಭೆ ಪಾಸು ಮಾಡಿದ ಮಸೂದೆಯನ್ನು ಅವನು ತಿರಸ್ಕರಿಸಲೂಬಹುದು. ಇದರ ಮೇಲೆ ಕೇಂದ್ರ ಸರ್ಕಾರದ ಕಾಯಿದೆ ಬೇರೆ. 1937ರಲ್ಲಿ ಕೇಂದ್ರವು ತೆರಿಗೆಯ ನೆಪದಲ್ಲಿ ಗಾಂಜಾವನ್ನು ಕಟ್ಟಿಹಾಕಿತು. 1970ರ ಕಾಯಿದೆಯಲ್ಲಿ ಅದನ್ನು ಹೆರಾಯಿನ್ ಜೊತೆಗೆ ಒಂದನೆಯ ಪಟ್ಟಿಯಲ್ಲಿ ಕೂರಿಸಿತು. ಔಷಧದ ಉಪಯೋಗವೂ ಇಲ್ಲದ, ಅತ್ಯಂತ ಅಪಾಯದ ವಸ್ತು ಎಂದು ಆ ಪಟ್ಟಿಯ ಅರ್ಥ.

ಆಮೇಲೆ ಹಿಡಿದದ್ದು ಯಾರನ್ನು? ಅಮೆರಿಕದ ನಾಗರಿಕ ಹಕ್ಕುಗಳ ಒಕ್ಕೂಟದವರು 2013ರಲ್ಲಿ ಒಂದು ವರದಿ ಹೊರಡಿಸಿದರು. 2001ರಿಂದ 2010ರ ತನಕ ಗಾಂಜಾದ ಹೆಸರಿನಲ್ಲಿ 82 ಲಕ್ಷ ದಸ್ತಗಿರಿಗಳಾಗಿದ್ದವು. ಅದರಲ್ಲಿ 100ಕ್ಕೆ 88 ಬರಿದೇ ಕೈಯಲ್ಲಿ ಇಟ್ಟುಕೊಂಡಿದ್ದಕ್ಕೆ. ಮಾರಿದ್ದಕ್ಕಲ್ಲ, ಬೆಳೆದದ್ದಕ್ಕಲ್ಲ. ಸೇದುವವರ ಪ್ರಮಾಣ ಬಿಳಿಯರಲ್ಲೂ ಕಪ್ಪು ಜನರಲ್ಲೂ ಹೆಚ್ಚುಕಡಿಮೆ ಒಂದೇ. ಹಿಡಿಯುವಾಗ ಮಾತ್ರ ಒಬ್ಬ ಬಿಳಿಯನಿಗೆ 3.73 ಕಪ್ಪು ಜನ ಎಂಬ ಲೆಕ್ಕ. ಬಂಗಲೆಯ ಮಾಳಿಗೆಯಲ್ಲಿ ಸೇದುವವನ ಜೇಬನ್ನು ಪೋಲೀಸಿನವನು ತಡಕುವುದಿಲ್ಲ. ಬೀದಿಯಲ್ಲಿ ನಿಂತವನ ಜೇಬು ತಡಕುತ್ತಾನೆ. ಇದನ್ನು ತಿಳಿಯಲು ನಮಗೆ ಅಮೆರಿಕದ ವರದಿ ಬೇಕಾಗಿರಲಿಲ್ಲ, ಆದರೂ ಅಂಕಿ ಕೈಯಲ್ಲಿದ್ದರೆ ಒಳ್ಳೆಯದು.

ನ್ಯೂಯಾರ್ಕ್ ಪಟ್ಟಣದ ಕಥೆಯನ್ನು ನೀವು ಕೇಳಲೇಬೇಕು. ಆ ರಾಜ್ಯದ ಶಾಸನಸಭೆ 1977ರಷ್ಟು ಹಿಂದೆಯೇ, ಸ್ವಲ್ಪ ಗಾಂಜಾ ಖಾಸಗಿಯಾಗಿ ಇಟ್ಟುಕೊಂಡರೆ ಜೈಲಿಲ್ಲ, ಬರಿಯ ದಂಡ ಎಂದು ಮಾಡಿತ್ತು. ಆದರೆ ಅದು ಸಾರ್ವಜನಿಕರ ಕಣ್ಣಿಗೆ ಕಾಣುವ ಹಾಗಿದ್ದರೆ ಅಪರಾಧ ಎಂದು ಒಂದು ಸಾಲು ಉಳಿಸಿತ್ತು. ಪೋಲೀಸರು ಏನು ಮಾಡಿದರು ಗೊತ್ತೆ? ಬೀದಿಯಲ್ಲಿ ಹುಡುಗನನ್ನು ನಿಲ್ಲಿಸಿ, ಜೇಬಿನಲ್ಲಿರುವುದನ್ನು ಹೊರಗೆ ತೆಗಿ ಎಂದರು. ಹೆದರಿದ ಹುಡುಗ ತೆಗೆದ. ಈಗ ಪೊಟ್ಟಣ ಎಲ್ಲರ ಕಣ್ಣಿಗೆ ಕಂಡಿತಲ್ಲ, ನಡಿ ಠಾಣೆಗೆ! 2011ನೆಯ ಒಂದೇ ವರ್ಷದಲ್ಲಿ ಆ ಪಟ್ಟಣದಲ್ಲಿ ಇಂಥ 50 ಸಾವಿರಕ್ಕೂ ಹೆಚ್ಚು ದಸ್ತಗಿರಿ. ಬಹುಪಾಲು ಕಪ್ಪು ಹುಡುಗರು, ಸ್ಪ್ಯಾನಿಷ್ ಮಾತಾಡುವ ಹುಡುಗರು. ಹೀಗೆ ಮಾಡಬೇಡಿ ಎಂದು ಆ ವರ್ಷ ಸೆಪ್ಟೆಂಬರಿನಲ್ಲಿ ಪೋಲೀಸ್ ಕಮಿಷನರೇ ಸುತ್ತೋಲೆ ಹೊರಡಿಸಬೇಕಾಯಿತು. ಕಾಯಿದೆಯಲ್ಲಿ ಒಂದು ಸಾಲನ್ನು ಅಜಾಗರೂಕತೆಯಿಂದ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ನಮಗೆ ಸಿಕ್ಕಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

ಗಾಂಜಾವನ್ನು ಕಾಯಿದೆಬದ್ಧ ಮಾಡಲು ಅಲ್ಲಿ ಎರಡು ದಾರಿ. ಒಂದು ಜನಮತ. ಇಷ್ಟು ಮತದಾರರ ಸಹಿ ಒಟ್ಟುಮಾಡಿದರೆ, ಕಾಯಿದೆಯ ಕರಡನ್ನು ನೇರವಾಗಿ ಚುನಾವಣೆಯ ಚೀಟಿಯ ಮೇಲೆ ಹಾಕಬಹುದು. ಜನ ಹೌದು ಎಂದರೆ ಅದೇ ಕಾಯಿದೆ. ಎಲ್ಲ ರಾಜ್ಯಗಳಲ್ಲೂ ಈ ಅವಕಾಶವಿಲ್ಲ. ಎರಡನೆಯದು ನಾವು ಬಲ್ಲ ದಾರಿ. ಶಾಸನಸಭೆಯಲ್ಲಿ ಮಸೂದೆ, ಸಮಿತಿ, ಚರ್ಚೆ, ಮತ, ಆಮೇಲೆ ಗವರ್ನರ ರುಜು. 2012ರ ನವೆಂಬರಿನಲ್ಲಿ ಕೊಲೊರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳು ಮೊದಲನೆಯ ದಾರಿಯಲ್ಲಿ ಹೋದವು. 2014ರ ಜನವರಿ 1ರಂದು ಕೊಲೊರಾಡೊದಲ್ಲಿ ಅಂಗಡಿಗಳು ಬಾಗಿಲು ತೆರೆದವು. ಇಲ್ಲಿಯವರೆಗೆ 24 ರಾಜ್ಯಗಳು ಈ ಕೆಲಸ ಮಾಡಿವೆ. ಅವುಗಳಲ್ಲಿ ಒಂಬತ್ತು ಜನಮತಕ್ಕೆ ಹೋಗದೆ ಶಾಸನಸಭೆಯಲ್ಲಿಯೇ ಮುಗಿಸಿದವು.

ಜನಮತ ಎಂದರೆ ಜನರದೇ ಕಾಯಿದೆ ಎಂದು ನಮಗೂ ಮೊದಲು ಅನ್ನಿಸಿತ್ತು. ನಮ್ಮ ಪಕ್ಷದವರಿಗೆ ಆ ಮಾತು ಕೇಳಿದರೇ ಕಿವಿ ನೆಟ್ಟಗಾಗುತ್ತದೆ. ಆದರೆ ಲಕ್ಷಗಟ್ಟಲೆ ಸಹಿ ಒಟ್ಟುಮಾಡಲು ಕೂಲಿಯವರನ್ನು ಇಡಬೇಕು, ಜಾಹೀರಾತು ಹಾಕಬೇಕು. ದುಡ್ಡು ಹಾಕಿದವನೇ ಕರಡು ಬರೆಸುತ್ತಾನೆ. 2015ರಲ್ಲಿ ಓಹಾಯೊ ರಾಜ್ಯದಲ್ಲಿ ಹೀಗೇ ಒಂದು ಕರಡು ಬಂತು. ಗಾಂಜಾ ಕಾಯಿದೆಬದ್ಧ, ಸಂತೋಷ. ಆದರೆ ವ್ಯಾಪಾರಕ್ಕಾಗಿ ಬೆಳೆಯುವುದು ಹತ್ತೇ ಹತ್ತು ಜಮೀನುಗಳಲ್ಲಿ. ಆ ಹತ್ತು ಜಮೀನುಗಳು ಯಾರವು? ಆ ಚಳವಳಿಗೆ ದುಡ್ಡು ಸುರಿದ ಹೂಡಿಕೆದಾರರವು! ಅದೂ ರಾಜ್ಯದ ಸಂವಿಧಾನದಲ್ಲಿಯೇ ಸೇರಿಸಬೇಕಂತೆ. ಓಹಾಯೊದ ಮತದಾರರು ದಡ್ಡರಲ್ಲ. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನ ಬೇಡ ಎಂದರು. ಎಂಟು ವರ್ಷದ ಮೇಲೆ, 2023ರಲ್ಲಿ, ಆ ಹತ್ತು ಜಮೀನಿನ ಕಟ್ಟಿಲ್ಲದ ಬೇರೆ ಕರಡು ಬಂದಾಗ ಅದೇ ಜನ ಒಪ್ಪಿದರು.

ಕ್ಯಾಲಿಫೋರ್ನಿಯದ್ದು ಇನ್ನೂ ನಯವಾದ ಕೆಲಸ. 2016ರ ಜನಮತದ ಕರಡಿನಲ್ಲಿ, ಮೊದಲ ಐದು ವರ್ಷ ದೊಡ್ಡ ಜಮೀನಿಗೆ ಪರವಾನಗಿ ಕೊಡುವುದಿಲ್ಲ, ಸಣ್ಣ ಬೆಳೆಗಾರನಿಗೆ ಬೇರೂರಲು ಕಾಲ ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದರು. ಉತ್ತರದ ಗುಡ್ಡಗಾಡಿನಲ್ಲಿ, ಹಂಬೋಲ್ಟ್, ಮೆಂಡೊಸಿನೊ ಎಂಬ ಜಿಲ್ಲೆಗಳಲ್ಲಿ, ಪೋಲೀಸರಿಗೆ ಹೆದರಿಕೊಂಡೇ ದಶಕಗಳ ಕಾಲ ಬೆಳೆದ ಸಂಸಾರಗಳಿದ್ದವು. ಅವರು ನಂಬಿದರು. 2017ರ ನವೆಂಬರಿನಲ್ಲಿ ಕೃಷಿ ಇಲಾಖೆ ನಿಯಮಗಳನ್ನು ಹೊರಡಿಸಿತು. ಸಣ್ಣ ಪರವಾನಗಿಗೆ ಇಷ್ಟೇ ಜಾಗ ಎಂದು ಮಿತಿ ಇತ್ತು. ಒಬ್ಬನಿಗೆ ಎಷ್ಟು ಸಣ್ಣ ಪರವಾನಗಿ ಎಂಬುದಕ್ಕೆ ಮಿತಿ ಇರಲಿಲ್ಲ. ಬಂಡವಾಳಗಾರ ಸಣ್ಣ ಪರವಾನಗಿಗಳನ್ನೇ ಹತ್ತಾರು ಕೊಂಡು, ಒಂದರ ಪಕ್ಕ ಒಂದು ಜೋಡಿಸಿ, ದೊಡ್ಡ ತೋಟ ಮಾಡಿಕೊಂಡ. ನಮ್ಮಲ್ಲಿ ಭೂಮಿತಿ ಕಾಯಿದೆ ಬಂದಾಗ ಹೆಂಡತಿ, ಮಕ್ಕಳು, ನಾಯಿಯ ಹೆಸರಿನಲ್ಲೂ ಜಮೀನು ಬರೆಸಿದವರ ನೆನಪು ಬಂದಿರಬೇಕು ನಿಮಗೆ.

ಹಾಗಾದರೆ ಶಾಸನಸಭೆಯ ದಾರಿ ಒಳ್ಳೆಯದೋ? ಅಲ್ಲಿಯೂ ಎರಡು ಬಗೆ ಕಂಡಿದ್ದೇವೆ.

ಮೊದಲು ಹೋದದ್ದು ವರ್ಮಾಂಟ್ ಎಂಬ ಪುಟ್ಟ ರಾಜ್ಯ. 2017ರಲ್ಲಿ ಶಾಸನಸಭೆ ಪಾಸು ಮಾಡಿದ್ದನ್ನು ಗವರ್ನರು ತಿರಸ್ಕರಿಸಿದರು. ತಿದ್ದಿ ತಂದ ಮಸೂದೆಗೆ 2018ರ ಜನವರಿಯಲ್ಲಿ ರುಜು ಹಾಕಿದರು. ಅದರಲ್ಲಿ ಅಂಗಡಿಯೇ ಇರಲಿಲ್ಲ. ಒಂದು ಔನ್ಸ್, ಎಂದರೆ ಸುಮಾರು 28 ಗ್ರಾಂ, ಇಟ್ಟುಕೊಳ್ಳಬಹುದು; ಮನೆಯಲ್ಲಿ ಬಲಿತ ಗಿಡ ಎರಡು, ಎಳೆಯ ಗಿಡ ನಾಲ್ಕು ಬೆಳೆಯಬಹುದು. ಮಾರಾಟ, ತೆರಿಗೆ, ಲಾಭ, ಯಾವುದೂ ಇಲ್ಲ. ಅಂಗಡಿಗಳು ಬಂದದ್ದು ಬೇರೆ ಕಾಯಿದೆಯಿಂದ, 2022ರ ಅಕ್ಟೋಬರಿನಲ್ಲಿ. ಹಿಡಿಯುವುದನ್ನು ಮೊದಲು ನಿಲ್ಲಿಸು, ವ್ಯಾಪಾರದ ಮಾತು ಆಮೇಲೆ ಆಡೋಣ ಎಂಬ ಈ ಕ್ರಮ ನಮಗೆ ಬಹಳ ಹಿಡಿಸಿತು.

ಇಲಿನಾಯ್ ರಾಜ್ಯ 2019ರ ಜೂನಿನಲ್ಲಿ ಮಾರಾಟವನ್ನೂ ಸೇರಿಸಿ ಕಾಯಿದೆ ಮಾಡಿತು. ಶಾಸನಸಭೆಯ ಮೂಲಕ ಮಾರಾಟಕ್ಕೆ ಅವಕಾಶ ಕೊಟ್ಟ ಮೊದಲ ರಾಜ್ಯ ಅದು. ಒಳ್ಳೆಯ ಅಂಶಗಳಿದ್ದವು. 2019ರ ಡಿಸೆಂಬರ್ 31ರಂದು ಗವರ್ನರು 11 ಸಾವಿರಕ್ಕೂ ಹೆಚ್ಚು ಜನರ ಹಳೆಯ ಸಣ್ಣ ಅಪರಾಧಗಳನ್ನು ಮನ್ನಾ ಮಾಡಿದರು. ಬರುವ ಆದಾಯದಲ್ಲಿ ಕಾಲು ಭಾಗ, ದಸ್ತಗಿರಿಗಳಿಂದ ಹಾಳಾದ ಕೇರಿಗಳ ಏಳಿಗೆಗೆ ಎಂದು ಬರೆದರು. ಸರಿ. ಮಾರನೆಯ ದಿನ, 2020ರ ಜನವರಿ 1ರಂದು, ಅಂಗಡಿ ತೆರೆದವರು ಯಾರು? ಔಷಧದ ಗಾಂಜಾ ಮಾರುತ್ತಿದ್ದ ಹಳೆಯ ಕಂಪೆನಿಗಳು. ಮೊದಲ ದಿನವೇ ಸುಮಾರು 32 ಲಕ್ಷ ಡಾಲರ್ ವ್ಯಾಪಾರ. ಹೊಸಬರಿಗೆ, ಬಡ ಕೇರಿಯವರಿಗೆ ಎಂದು ಮೀಸಲಿಟ್ಟ ಪರವಾನಗಿಗಳ ಲಾಟರಿ ಎತ್ತುವ ಹೊತ್ತಿಗೆ 2021 ಬಂತು, ಅಂಥವರ ಮೊದಲ ಅಂಗಡಿಗಳು ತೆರೆಯುವ ಹೊತ್ತಿಗೆ 2022 ಮುಗಿಯುತ್ತ ಬಂದಿತ್ತು. ಮೂರು ವರ್ಷ ಕಟ್ಟೆಯ ಮೇಲೆ ಕೂತ ಗಿರಾಕಿಯನ್ನು ಯಾವ ವ್ಯಾಪಾರಿ ಮತ್ತೆ ಗೆಲ್ಲಬಲ್ಲ? ಇಲ್ಲಿ ಕಿರಾಣಿ ಅಂಗಡಿಯ ಮಿತ್ರರಿದ್ದಾರೆ, ಅವರೇ ಹೇಳಲಿ.

ಇನ್ನೊಂದು ಸಾಲು. ಇಲಿನಾಯ್ ಕಾಯಿದೆಯಲ್ಲಿ ರೋಗಿಯಲ್ಲದ ಸಾಮಾನ್ಯ ಮನುಷ್ಯ ಮನೆಯ ಹಿತ್ತಲಲ್ಲಿ ಗಿಡ ಬೆಳೆದರೆ ದಂಡ ತೆರಬೇಕು. ನ್ಯೂಜೆರ್ಸಿಯಲ್ಲಿ ಅದಕ್ಕೂ ಕಠಿಣ. ಅಲ್ಲಿ 2019ರ ಮಾರ್ಚಿನಲ್ಲಿ ಸೆನೇಟಿನಲ್ಲಿ ಮತ ಸಾಲದೆ ಮಸೂದೆ ಬಿತ್ತು. 2020ರಲ್ಲಿ ಜನರನ್ನೇ ಕೇಳಿದಾಗ ಮೂರರಲ್ಲಿ ಎರಡು ಪಾಲು ಹೌದು ಎಂದರು. 2021ರ ಫೆಬ್ರವರಿಯಲ್ಲಿ ಕಾಯಿದೆ ಬಂತು. ಅಂಗಡಿಯಿಂದ ಕೊಂಡರೆ ನೀನು ನಾಗರಿಕ, ಕುಂಡದಲ್ಲಿ ಒಂದು ಗಿಡ ಬೆಳೆದರೆ ಅಪರಾಧಿ! ಗಿಡ ಅದೇ, ಎಲೆ ಅದೇ, ಹೊಗೆ ಅದೇ. ನಡುವೆ ಒಬ್ಬ ಪರವಾನಗಿದಾರ ಕೂತಿದ್ದಾನೆ, ಅಷ್ಟೇ ವ್ಯತ್ಯಾಸ.

ನ್ಯೂಯಾರ್ಕಿನ ಹೋರಾಟ ಉದ್ದವಾದದ್ದು. ಸೆನೇಟಿನಲ್ಲಿ ಲಿಜ್ ಕ್ರೂಗರ್ ಎಂಬಾಕೆ 2013ರ ಕೊನೆಯಲ್ಲಿ ಮಸೂದೆ ಮಂಡಿಸಿದರು. ಕೆಳಮನೆಯಲ್ಲಿ ಅದನ್ನು ಹೊತ್ತವರು ಬಫಲೊ ಪಟ್ಟಣದ ಪ್ರತಿನಿಧಿ ಕ್ರಿಸ್ಟಲ್ ಪೀಪಲ್ಸ್-ಸ್ಟೋಕ್ಸ್ ಎಂಬ ಕಪ್ಪು ಮಹಿಳೆ. ಗವರ್ನರ್ ಆಂಡ್ರೂ ಕ್ವೋಮೊ 2017ರಲ್ಲಿ ಇದು ಬೇರೆ ಮಾದಕಗಳಿಗೆ ಬಾಗಿಲು ಎನ್ನುತ್ತಿದ್ದವರು, 2019ರ ಹೊತ್ತಿಗೆ ಮನಸ್ಸು ಬದಲಿಸಿ ತಮ್ಮ ಬಜೆಟ್ಟಿನಲ್ಲಿಯೇ ಸೇರಿಸಲು ಹೊರಟರು. ತೆರಿಗೆಯ ಆಸೆ ಯಾರನ್ನು ಬಿಟ್ಟಿದೆ! ಆಗ ಪೀಪಲ್ಸ್-ಸ್ಟೋಕ್ಸ್ ಅವರು ಪಟ್ಟು ಹಿಡಿದರು. ದಸ್ತಗಿರಿಯಿಂದ ನೊಂದ ಕೇರಿಗಳಿಗೆ ಹಣ ಬರುತ್ತದೆ ಎಂಬ ಬಾಯಿಮಾತು ಸಾಲದು, ಎಷ್ಟು ಪಾಲು ಎಂದು ಕಾಯಿದೆಯ ಒಳಗೇ ಬರೆಯಬೇಕು, ಇಲ್ಲದಿದ್ದರೆ ಬೇಡ. ಆ ವರ್ಷ ಮಸೂದೆ ಬಿತ್ತು. ಆಗ ಆಕೆಯನ್ನು ಬೈದವರು ಕಡಿಮೆಯಿಲ್ಲ. ಕೈಗೆ ಬಂದದ್ದನ್ನು ಕಳೆದಳು ಎಂದರು.

ಎರಡು ವರ್ಷ ಕಾದರು. 2021ರ ಮಾರ್ಚ್ 31ರಂದು ರುಜುವಾದ ಕಾಯಿದೆಯನ್ನು ನೋಡಿ. ಖರ್ಚು ಕಳೆದು ಉಳಿದ ತೆರಿಗೆಯಲ್ಲಿ 100ಕ್ಕೆ 40 ಆ ಕೇರಿಗಳಿಗೆ, 40 ಶಾಲೆಗಳಿಗೆ, 20 ವ್ಯಸನದ ಚಿಕಿತ್ಸೆ ಮತ್ತು ತಿಳಿವಳಿಕೆಗೆ. ಈಗ ಅಪರಾಧವಲ್ಲದ ಹಳೆಯ ಶಿಕ್ಷೆಗಳು ಅರ್ಜಿ ಹಾಕದೆಯೇ ದಾಖಲೆಯಿಂದ ಅಳಿಯಬೇಕು. ಪರವಾನಗಿಗಳಲ್ಲಿ ಅರ್ಧ ಭಾಗ ನೊಂದ ಕೇರಿಯವರು, ಹೆಂಗಸರು, ಅಲ್ಪಸಂಖ್ಯಾತರು, ಸಂಕಟದಲ್ಲಿರುವ ರೈತರು, ಅಂಗವಿಕಲ ಮಾಜಿ ಸೈನಿಕರು ಇವರಿಗೆ ಎಂಬ ಗುರಿ. ಮನೆಯಲ್ಲಿ ಒಬ್ಬನಿಗೆ ಆರು ಗಿಡ. ಪೊಟ್ಟಣ ಕಣ್ಣಿಗೆ ಕಂಡರೆ ಅಪರಾಧ ಎಂಬ ಆ ಹಳೆಯ ಬಲೆಯೂ ಹೋಯಿತು. ಬಾಕಿ ರಾಜ್ಯಗಳು ಮೊದಲು ಕಂಪೆನಿಗೆ ಬಾಗಿಲು ತೆರೆದರೆ, ನ್ಯೂಯಾರ್ಕಿನಲ್ಲಿ ಗಾಂಜಾ ಕೇಸಿನಲ್ಲಿ ಶಿಕ್ಷೆಯಾದವರಿಗೆ ಅಥವಾ ಅವರ ಮನೆಯವರಿಗೆ ಮೊದಲ ಅಂಗಡಿಗಳನ್ನು ಕೊಡುವ ಯೋಜನೆ ಮಾಡಿದರು. ಜೈಲಿಗೆ ಹೋಗಿ ಬಂದವನೇ ಪರವಾನಗಿದಾರ!

ಎಲ್ಲ ಸರಿಹೋಯಿತೆ ಎಂದರೆ, ಇಲ್ಲ. ನಾವು ನಿಮ್ಮಿಂದ ಮುಚ್ಚಿಡುವುದಿಲ್ಲ. ಮೊದಲ ಅಂಗಡಿ ತೆರೆದದ್ದು 2022ರ ಡಿಸೆಂಬರ್ 29ರಂದು, ಅದೂ ಒಂದು ಸೇವಾ ಸಂಸ್ಥೆಯದು. ಬಡ ಪರವಾನಗಿದಾರರಿಗೆ ಅಂಗಡಿ ಕಟ್ಟಿಕೊಡಲು 20 ಕೋಟಿ ಡಾಲರಿನ ನಿಧಿ ಎಂದರು. ಅದರ ಮುಕ್ಕಾಲು ಪಾಲು ಖಾಸಗಿಯವರಿಂದ ಬರಬೇಕಾಗಿತ್ತು, ಸಕಾಲಕ್ಕೆ ಬರಲಿಲ್ಲ. 2023ರ ಆಗಸ್ಟಿನಲ್ಲಿ, ಕಾಯಿದೆಯಲ್ಲಿ ನಮ್ಮ ಹೆಸರೂ ಇತ್ತಲ್ಲ ಎಂದು ಅಂಗವಿಕಲ ಮಾಜಿ ಸೈನಿಕರು ಕೋರ್ಟಿಗೆ ಹೋದರು. ಅವರ ಮಾತೂ ಸುಳ್ಳಲ್ಲ. ತಿಂಗಳುಗಟ್ಟಲೆ ಹೊಸ ಅಂಗಡಿಗಳಿಗೆ ತಡೆಯಾಜ್ಞೆ. ಈ ನಡುವೆ ನ್ಯೂಯಾರ್ಕ್ ಪಟ್ಟಣದಲ್ಲಿ ಪರವಾನಗಿಯೇ ಇಲ್ಲದ ಅಂಗಡಿಗಳು ನಾಯಿಕೊಡೆಯಂತೆ ಎದ್ದವು. ಕಾಯಿದೆಯಂತೆ ನಡೆದ ಬಡವನು ಬಾಡಿಗೆ ಕಟ್ಟುತ್ತ ಕೂತ. ಒಳ್ಳೆಯ ಕಾಯಿದೆ ಬರೆದರೆ ಸಾಲದು, ಅದರ ಹಿಂದೆ ಸರ್ಕಾರದ ಸ್ವಂತ ದುಡ್ಡು, ಸ್ವಂತ ಕಟ್ಟಡ, ಸ್ವಂತ ಗುಮಾಸ್ತರು ಇರಬೇಕು. ಸಾಲಕ್ಕೆ ಬಂಡವಾಳಗಾರನ ಮನೆ ಬಾಗಿಲಿಗೆ ಹೋದರೆ ಅವನು ತನ್ನ ಸಮಯಕ್ಕೆ ಬರುತ್ತಾನೆ.

ಉಳಿದ ರಾಜ್ಯಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಡೆಲವೇರಿನಲ್ಲಿ ಗವರ್ನರು 2022ರಲ್ಲಿ ತಿರಸ್ಕರಿಸಿದರು, 2023ರಲ್ಲಿ ರುಜು ಹಾಕದೆ ಸುಮ್ಮನೆ ಕೂತರು, ಮಸೂದೆ ತಾನಾಗಿ ಕಾಯಿದೆಯಾಯಿತು. ಮಿನೆಸೋಟದಲ್ಲಿ 2022ರಲ್ಲಿ, ಸ್ವಲ್ಪ ಅಮಲು ಇರುವ ಮಿಠಾಯಿಗೆ ಅವಕಾಶ ಕೊಡುವ ಸಾಲೊಂದು ದೊಡ್ಡ ಮಸೂದೆಯ ಒಳಗೆ ನುಸುಳಿ ಪಾಸಾಯಿತು. ಅದರ ಅರ್ಥ ಇಷ್ಟು ಎಂದು ತಮಗೆ ತಿಳಿದಿರಲಿಲ್ಲ ಎಂದು ಹಿರಿಯ ಸದಸ್ಯರೊಬ್ಬರು ಆಮೇಲೆ ಹೇಳಿದರು. ನಮ್ಮ ವಿಧಾನಸಭೆಯವರು ಮಾತ್ರ ಓದದೆ ಕೈ ಎತ್ತುತ್ತಾರೆ ಎಂದು ತಿಳಿದಿದ್ದೆವು. ಮುಂದಿನ ವರ್ಷ ಅಲ್ಲಿ ಪೂರ್ಣ ಕಾಯಿದೆಯೇ ಬಂತು.

ಈಗ ಮಿಲ್ಲಿನ ಮಿತ್ರರು ಕಿವಿಗೊಟ್ಟು ಕೇಳಬೇಕಾದ ಮಾತು. ರಾಜ್ಯ ಕಾಯಿದೆ ಮಾಡಿದ ಮಾತ್ರಕ್ಕೆ ಕೆಲಸ ಉಳಿಯುತ್ತದೆಯೆ? ಕೊಲೊರಾಡೊದಲ್ಲಿ ಕೈಕಾಲು ಸ್ವಾಧೀನವಿಲ್ಲದ ಒಬ್ಬ ಕೆಲಸಗಾರ, ಒಂದು ದೊಡ್ಡ ಟೆಲಿವಿಷನ್ ಕಂಪೆನಿಯಲ್ಲಿ ಟೆಲಿಫೋನಿನಲ್ಲಿ ಗಿರಾಕಿಗಳಿಗೆ ಉತ್ತರ ಹೇಳುವವನು. ಸ್ನಾಯುಗಳ ಸೆಳೆತಕ್ಕೆ ಡಾಕ್ಟರ ಚೀಟಿಯ ಮೇಲೆ ಮನೆಯಲ್ಲಿ ಗಾಂಜಾ ತೆಗೆದುಕೊಳ್ಳುತ್ತಿದ್ದ. ಕೆಲಸದ ವೇಳೆಯಲ್ಲಲ್ಲ. 2010ರಲ್ಲಿ ಕಂಪೆನಿ ಪರೀಕ್ಷೆ ಮಾಡಿಸಿ ಕೆಲಸದಿಂದ ತೆಗೆಯಿತು. 2015ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕಂಪೆನಿ ಮಾಡಿದ್ದು ಸರಿ ಎಂದಿತು. ರಾಜ್ಯದಲ್ಲಿ ತಪ್ಪಲ್ಲದಿದ್ದರೂ ಕೇಂದ್ರದ ಕಾಯಿದೆಯಲ್ಲಿ ತಪ್ಪು, ಆದ್ದರಿಂದ ಮಾಲೀಕನಿಗೆ ತೆಗೆಯುವ ಹಕ್ಕುಂಟು. ಗಾಂಜಾದ ಅಮಲು ಕೆಲವು ಗಂಟೆಯಲ್ಲಿ ಇಳಿಯುತ್ತದೆ, ಆದರೆ ಮೂತ್ರದಲ್ಲಿ ಅದರ ಗುರುತು ದಿನಗಟ್ಟಲೆ, ನಿತ್ಯ ಸೇದುವವನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಭಾನುವಾರ ಸೇದಿದವನನ್ನು ಶುಕ್ರವಾರ ಮನೆಗೆ ಕಳಿಸಬಹುದು. ಅಂಗಡಿಯಲ್ಲಿ ಗಾಂಜಾ ಕೊಳ್ಳುವ ಸ್ವಾತಂತ್ರ್ಯ ಸಂಬಳಗಾರನಿಗೆ ಇಲ್ಲ, ಸಂಬಳ ಕೊಡುವವನಿಗೆ ಉಂಟು!

ನ್ಯೂಯಾರ್ಕಿನ ಕಾಯಿದೆ ಇದನ್ನೂ ಬಿಡಲಿಲ್ಲ. ಕಾರ್ಮಿಕ ಕಾಯಿದೆಗೆ ತಿದ್ದುಪಡಿ ಮಾಡಿ, ಕೆಲಸದ ವೇಳೆಯ ಹೊರಗೆ ಸೇದಿದ್ದಕ್ಕೆ ಕೆಲಸದಿಂದ ತೆಗೆಯಕೂಡದು ಎಂದು ಬರೆದರು. ಕೆಲಸದ ಮೇಲೆ ಅಮಲಿನ ಸ್ಪಷ್ಟ ಲಕ್ಷಣ ಕಂಡರೆ ಮಾತು ಬೇರೆ. ತಿರುಗುವ ಯಂತ್ರದ ಮುಂದೆ ಅಮಲೇರಿ ನಿಲ್ಲುವ ಹಕ್ಕನ್ನು ನಾವು ಯಾರೂ ಕೇಳುವುದಿಲ್ಲ. ಜೊತೆಗೆ, ಪರವಾನಗಿ ಬೇಡುವ ಕಂಪೆನಿ ಕಾರ್ಮಿಕ ಸಂಘದೊಡನೆ ಶಾಂತಿ ಒಪ್ಪಂದ ಮಾಡಿಕೊಂಡಿರಬೇಕು ಎಂಬ ಷರತ್ತು ಹಾಕಿದರು. ಎಂದರೆ ಸಂಘ ಕಟ್ಟಲು ಬಂದವರನ್ನು ಮಾಲೀಕ ತಡೆಯಕೂಡದು. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಗಳಲ್ಲೂ ಈ ಬಗೆಯ ಷರತ್ತುಂಟು. ಆಹಾರ ಮತ್ತು ವಾಣಿಜ್ಯ ಕಾರ್ಮಿಕರ ದೊಡ್ಡ ಸಂಘವೊಂದು ಈ ಅಂಗಡಿಗಳಲ್ಲಿ, ತೋಟಗಳಲ್ಲಿ ಸದಸ್ಯರನ್ನು ಮಾಡುತ್ತ ಬಂದಿದೆ. ಈ ಸಾಲುಗಳು ತಾವಾಗಿ ಬಂದವೆಂದು ತಿಳಿಯಬೇಡಿ. ಶಾಸನಸಭೆಯ ಸಮಿತಿಯ ಕೋಣೆಯಲ್ಲಿ ಸಂಘದವರು ಕೂತಿದ್ದರು, ಅದಕ್ಕೇ ಬಂದವು.

ಇನ್ನು ಸಣ್ಣ ವ್ಯಾಪಾರಿಗಳ ಪಾಲಿಗೆ. 1982ರಲ್ಲಿ ಅಮೆರಿಕದ ಕೇಂದ್ರ ಆದಾಯ ತೆರಿಗೆಯಲ್ಲಿ ಒಂದು ಕಲಮು ಸೇರಿಸಿದರು. ಒಂದನೆಯ, ಎರಡನೆಯ ಪಟ್ಟಿಯ ಮಾದಕ ಮಾರುವವನು ತನ್ನ ವ್ಯಾಪಾರದ ಖರ್ಚನ್ನು ಆದಾಯದಿಂದ ಕಳೆಯುವಂತಿಲ್ಲ. ಸರಕಿನ ಅಸಲು ಮಾತ್ರ ಕಳೆಯಬಹುದು. ಬಾಡಿಗೆ, ಸಂಬಳ, ದೀಪದ ಬಿಲ್ಲು, ಯಾವುದೂ ಇಲ್ಲ. ಕಳ್ಳ ವ್ಯಾಪಾರಿಗೆ ಎಂದು ಮಾಡಿದ ಕಲಮು ರಾಜ್ಯದ ಪರವಾನಗಿ ಗೋಡೆಗೆ ನೇತುಹಾಕಿದವನ ಕುತ್ತಿಗೆಗೂ ಬಂತು. ನಷ್ಟದಲ್ಲಿರುವವನೂ ತೆರಿಗೆ ಕಟ್ಟಬೇಕಾದ ಲೆಕ್ಕ ಇದು. ಮೇಲಾಗಿ ದೊಡ್ಡ ಬ್ಯಾಂಕುಗಳು ಕೇಂದ್ರದ ಕಾಯಿದೆಗೆ ಹೆದರಿ ಖಾತೆಯನ್ನೇ ತೆರೆಯುವುದಿಲ್ಲ. ನಗದು ಗಲ್ಲಾದಲ್ಲಿಟ್ಟುಕೊಂಡು ರಾತ್ರಿ ಕಾವಲು ಕೂರಬೇಕು. ವರ್ಷಗಟ್ಟಲೆ ನಷ್ಟ ತಡೆದುಕೊಳ್ಳುವ ಶಕ್ತಿ ಯಾರಿಗಿದೆ? 2018ರಲ್ಲಿ ನೆರೆಯ ಕೆನಡಾ ದೇಶ ಗಾಂಜಾವನ್ನು ಕಾಯಿದೆಬದ್ಧ ಮಾಡಿದಾಗ, ಮಾರ್ಲ್‌ಬರೊ ಸಿಗರೇಟಿನ ಆಲ್ಟ್ರಿಯ ಕಂಪೆನಿ ಅಲ್ಲಿಯ ಒಂದು ಗಾಂಜಾ ಕಂಪೆನಿಯಲ್ಲಿ 45 ಪಾಲು ಕೊಳ್ಳಲು 180 ಕೋಟಿ ಡಾಲರ್ ಹಾಕಲು ಒಪ್ಪಿತು. ಕೊರೋನ ಬಿಯರನ್ನು ಅಮೆರಿಕದಲ್ಲಿ ಮಾರುವ ಕಾನ್‌ಸ್ಟಲೇಶನ್ ಕಂಪೆನಿ ಇನ್ನೊಂದರಲ್ಲಿ 400 ಕೋಟಿ ಹಾಕಿತು. ಆ ದುಡ್ಡಿನ ಬಹುಪಾಲು ಆಮೇಲೆ ಕರಗಿತು ಎಂಬುದು ಬೇರೆ ಮಾತು. ಕರಗಿದರೂ ಅವರು ಬದುಕಿದರು. ಹಂಬೋಲ್ಟಿನ ಬೆಳೆಗಾರನ ಒಂದು ಫಸಲು ಕರಗಿದರೆ ಮನೆ ಹರಾಜು.

ಆರೋಗ್ಯದ ವಿಷಯವನ್ನು ವೈದ್ಯರಿಗೆ ಬಿಟ್ಟೆವು ಎಂದೆವು. ಆದರೂ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಅಲ್ಲಿನ ಅಂಗಡಿಯಲ್ಲಿ ಸಿಗುವುದು ನಮ್ಮ ಅಜ್ಜಂದಿರು ಕಂಡ ಭಂಗಿ ಸೊಪ್ಪಲ್ಲ. ಸತ್ವ ಹಿಂಡಿ ತೆಗೆದ ಅಂಟು, ಎಣ್ಣೆ, ಮಿಠಾಯಿ, ಎಲ್ಲ ಬಂದಿದೆ. ಅಮಲು ಹೆಚ್ಚಿದಷ್ಟೂ ಲಾಭ ಹೆಚ್ಚು ಎಂದಾದರೆ ಕಂಪೆನಿ ಅಮಲನ್ನೇ ಹೆಚ್ಚಿಸುತ್ತದೆ, ಹುಡುಗರನ್ನೇ ಹುಡುಕುತ್ತದೆ. ಬೀಡಿ, ಸಿಗರೇಟು, ಗುಟ್ಕಾ ಕಂಪೆನಿಗಳನ್ನು ನಾವು ನೋಡಿಲ್ಲವೆ? ಇಲಿನಾಯಿನಲ್ಲಿ ಅಮಲಿನ ಅಂಶ 100ಕ್ಕೆ 35ರ ಒಳಗಿದ್ದರೆ ತೆರಿಗೆ 10, ಮೀರಿದರೆ 25 ಎಂದು ಇಟ್ಟಿದ್ದಾರೆ. ಅಷ್ಟು ಮಟ್ಟಿಗೆ ಒಳ್ಳೆಯ ವಿಚಾರ. ಈ ಎಲ್ಲ ರಾಜ್ಯಗಳಲ್ಲೂ 21 ವರ್ಷ ತುಂಬದವರಿಗೆ ಮಾರುವಂತಿಲ್ಲ.

ಈಗ ಹಿಂದಿನ ಬೆಂಚಿನ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಹಾಗೆ ಯಾಕಿಲ್ಲ? ನಮ್ಮ ಮಾದಕ ವಸ್ತುಗಳ ಕಾಯಿದೆ 1985ರದು, ಪಾರ್ಲಿಮೆಂಟು ಮಾಡಿದ್ದು. ಔಷಧ, ವಿಜ್ಞಾನ ಮೊದಲಾದ ಕೆಲಸಗಳಿಗೆ ಗಿಡ ಬೆಳೆಯಲು ರಾಜ್ಯ ಸರ್ಕಾರ ಅಪ್ಪಣೆ ಕೊಡಬಹುದು. ಸೇದಿ ಸುಖಪಡಲು ಅಪ್ಪಣೆ ಕೊಡುವ ಅಧಿಕಾರ ನಮ್ಮ ವಿಧಾನಸಭೆಗೆ ಇಲ್ಲ. ಅಮೆರಿಕದ ರಾಜ್ಯಗಳು ಮಾಡಿದ್ದನ್ನು ಬೆಂಗಳೂರಿನಲ್ಲಿ ಕೂತು ಮಾಡಲಾಗದು, ದಿಲ್ಲಿಯಲ್ಲಿ ಮಾಡಬೇಕು. ವಿಚಿತ್ರವೆಂದರೆ ಆ ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಹೂವಿನ ತೆನೆ. ತೆನೆಯಿಲ್ಲದ ಬರಿಯ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಅದಕ್ಕೇ ಕಾಶಿಯಲ್ಲಿ ಭಾಂಗಿನ ಅಂಗಡಿ ಉಂಟು. ಭಾಂಗ್ ಆ ಕಾಯಿದೆಗೆ ಸೇರದೆಂದು ನಮ್ಮ ಹೈಕೋರ್ಟೂ 2022ರಲ್ಲಿ ಹೇಳಿತು. ತೆನೆಗೆ ಜೈಲು, ಎಲೆಗೆ ಪ್ರಸಾದ!

ಒಂದು ಕಿಲೋ ತನಕ ಗಾಂಜಾ ಸಿಕ್ಕರೆ ಅದು ಅಲ್ಪ ಪ್ರಮಾಣ. ಶಿಕ್ಷೆ ಒಂದು ವರ್ಷದ ತನಕ, ಇಲ್ಲವೆ 10,000 ರೂಪಾಯಿ ತನಕ ದಂಡ, ಇಲ್ಲವೆ ಎರಡೂ. 20 ಕಿಲೋ ಮೀರಿದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ. ಬೆಳೆದವನಿಗೆ ಹತ್ತು ವರ್ಷದ ತನಕ ಆಗಬಹುದು. ಮೆಕ್ಕೆಜೋಳದ ಸಾಲಿನ ನಡುವೆ ನಾಲ್ಕು ಗಿಡ ಹಾಕಿ ಸಿಕ್ಕಿಬೀಳುವ ರೈತರ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದುತ್ತೀರಿ. ಅವರಿಂದ ಕೊಂಡು ಲಾರಿಯಲ್ಲಿ ಸಾಗಿಸಿದ ಧಣಿಯ ಹೆಸರನ್ನು ಎಷ್ಟು ಸಲ ಓದಿದ್ದೀರಿ?

ನಾಳೆ ದಿಲ್ಲಿಯಲ್ಲಿ ಯಾರಾದರೂ ಈ ಕಾಯಿದೆ ಸಡಿಲಿಸುವ ಮಸೂದೆ ತಂದರೆ ನಾವು ಅದರ ಹೆಸರು ನೋಡಿ ಕೈ ತಟ್ಟಬಾರದು, ಹೆಸರು ನೋಡಿ ಬೈಯಲೂಬಾರದು. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಹೆಂಗಸರು ದೀಪ ಹಚ್ಚಿದರು. ಸಾರಾಯಿಯ ಜಾಗಕ್ಕೆ ಬಾಟಲಿಯ ಅಗ್ಗದ ಬ್ರಾಂದಿ ಬಂತು, ಅಬಕಾರಿ ವರಮಾನ ವರ್ಷ ವರ್ಷ ಏರಿತು. ಹಾಗಾಗಿ ನಾವು ಕೇಳಬೇಕಾದದ್ದು ಇಷ್ಟು: ಹಳೆಯ ಕೇಸುಗಳು ಅಳಿಯುತ್ತವೆಯೆ? ಬೆಳೆಯುವ ಹಕ್ಕು ಒಣಭೂಮಿಯ ರೈತನಿಗೋ, ಹತ್ತು ಜಮೀನುಗಳ ಮಾಲೀಕನಿಗೋ? ಕೆಲಸದಿಂದ ತೆಗೆಯುವುದಕ್ಕೆ ತಡೆ ಉಂಟೋ? ತೆರಿಗೆಯ ಪಾಲು ಮಸೂದೆಯ ಒಳಗೆ ಬರೆದಿದೆಯೋ, ಮಂತ್ರಿಯ ಬಾಯಲ್ಲಿದೆಯೋ?

ಆ ಹುಡುಗನ ಮೊಕದ್ದಮೆ ಮುಂದಿನ ತಿಂಗಳು ಕೋರ್ಟಿಗೆ ಬರುತ್ತದೆ. ಅದೇ 1985ರ ಕಾಯಿದೆಯ 39ನೆಯ ಕಲಮಿನಲ್ಲಿ, ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕಿದವನು ವ್ಯಸನಿ ಎಂದು ಕೋರ್ಟಿಗೆ ಕಂಡರೆ, ಜೈಲಿಗೆ ಕಳಿಸುವ ಬದಲು ಚಿಕಿತ್ಸೆಗೆ ಬಿಡಬಹುದು ಎಂದಿದೆ. ಬಹಳ ಮಂದಿಗೆ ಇದು ಗೊತ್ತಿಲ್ಲ. ಆ ಅರ್ಜಿ ಹಾಕಲು ವಕೀಲರೊಬ್ಬರು ಒಪ್ಪಿದ್ದಾರೆ, ಫೀಜು ಅರ್ಧಕ್ಕೆ ಇಳಿಸಿದ್ದಾರೆ. ಬದಲಿ ಪಟ್ಟಿಗೆ ಹೆಸರು ಮತ್ತೆ ಸೇರಿಸುವ ಮಾತನ್ನು ಸಂಘದ ಕಾರ್ಯದರ್ಶಿಗಳು ಮಂಗಳವಾರ ಮ್ಯಾನೇಜರ ಬಳಿ ಎತ್ತುತ್ತಾರೆ. ಅವರ ಜೊತೆ ಹೋಗಬಯಸುವ ಹತ್ತು ಮಂದಿ ಈಗಲೇ ಹೆಸರು ಕೊಡಿ. ಚಂದಾ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ.